ನಿದ್ದೆಯಲ್ಲೇ ಚಾಚಿದ ಬೆರಳು

ಹಾಸನದ ತಂಗಿ ಮನೆಗೆ ಹೋದರೆ ನನಗೆ ನಡುಮನೆಯಲ್ಲೇ ಹಾಸಿಗೆ. ಕಳೆದ ಬೇಸಿಗೆ ರಜೆಯಲ್ಲಿ ಹೋಗಿದ್ದಾಗ ಒಂದು ರಾತ್ರಿ ಎಚ್ಚರವಾಯಿತು. ಗಂಟೆ ಎರಡು. ಒಳಕೋಣೆಯಲ್ಲಿ ಬೆಳಕು. ಹೋಗಿ ನೋಡಿದರೆ ತಂಗಿ ಮಂಚದ ಅಂಚಿನಲ್ಲಿ ಕೂತಿದ್ದಳು. ದಿಂಬಿಗೆ ಒರಗಿಸಿಟ್ಟ ಮೊಬೈಲಿನ ಟಾರ್ಚು, ಮಡಿಲಲ್ಲಿ ಒಂದು ಸ್ಟೀಲಿನ ಡಬ್ಬಿ. ಎಂಟು ವರ್ಷದ ಮಗ ಒಳ್ಳೆ ನಿದ್ದೆಯಲ್ಲಿದ್ದ. ಅವಳು ಅವನ ಮೊಣಕೈ ಮುಟ್ಟಿದಳು, ಅಷ್ಟೆ. ಕಣ್ಣು ತೆರೆಯದೆ, ಮಗ್ಗುಲು ಬದಲಿಸದೆ, ಹುಡುಗ ಕೈ ಚಾಚಿ ಉಂಗುರದ ಬೆರಳನ್ನು ಮುಂದೆ ಮಾಡಿದ. ಬೆರಳ ತುದಿಯಲ್ಲಿ ಎಳ್ಳು ಉದುರಿಸಿದ ಹಾಗೆ ಸಣ್ಣ ಸಣ್ಣ ಕಪ್ಪು ಚುಕ್ಕೆಗಳು.

ಚುಚ್ಚಿದಳು, ಹನಿ ರಕ್ತವನ್ನು ಸ್ಟ್ರಿಪ್ಪಿಗೆ ತಾಗಿಸಿದಳು. ಮೀಟರು 64 ತೋರಿಸಿತು. “ಲೋ ಆಗಿದೆ,” ಅಂದಳು, ಹಾಲು ಉಕ್ಕಿತು ಅನ್ನುವಷ್ಟೇ ಸಹಜವಾಗಿ. ಅವನನ್ನು ಎಬ್ಬಿಸಿ ಕೂರಿಸಿ, ಎರಡು ಚಮಚ ಗ್ಲೂಕೋಸ್ ಪುಡಿಯನ್ನು ನೀರಿಗೆ ಕಲಸಿ ಕುಡಿಸಿದಳು. ಇನ್ನು ಹದಿನೈದು ನಿಮಿಷ ಕಾಯಬೇಕು, ಆಮೇಲೆ ಮತ್ತೆ ಅಳೆಯಬೇಕು. ಆ ಹದಿನೈದು ನಿಮಿಷ ಅವಳು ಅಡುಗೆಮನೆಯಲ್ಲಿ ಮರುದಿನದ ಸಾರಿಗೆ ಸೊಪ್ಪು ಬಿಡಿಸುತ್ತಾ ನಿಂತಳು. ಎರಡನೇ ಸಲ 97 ಬಂತು. ಗೆರೆ ಹಾಕಿದ ನೋಟುಬುಕ್ಕಿನಲ್ಲಿ ಎರಡೂ ಅಂಕಿ ಬರೆದು, “ಅಕ್ಕಾ, ನೀನ್ಯಾಕೆ ಎದ್ದೆ, ಮಲಕ್ಕೋ ಹೋಗು” ಅಂದಳು.

ಬೆಳಗ್ಗೆ ಕಾಫಿ ಕುಡಿಯುವಾಗ ಕೇಳಿದೆ: ಆಮೇಲೆ ನಿದ್ದೆ ಬಂತಾ? “ಬರತ್ತೆ ಅಕ್ಕ. ಆದ್ರೆ ಕಿವಿ ಮಲಗಲ್ಲ.”

ದೀರ್ಘಕಾಲದ ಕಾಯಿಲೆ ಇರುವ ಮಗುವನ್ನು ಮನೆಯಲ್ಲಿ ಸಾಕುವ ತಾಯ್ತಂದೆಯರ ಬಳಲಿಕೆಗೆ ನಾವು ‘ಪಾಪ, ದುಃಖ’ ಅನ್ನುವ ಎರಡೇ ಪದ ಇಟ್ಟುಕೊಂಡಿದ್ದೇವೆ. ದುಃಖ ಇದ್ದೇ ಇದೆ. ಆದರೆ ಅವರನ್ನು ದಿನದಿನವೂ ಸವೆಸುವುದು ಕಾವಲು. ರಾಗಿ ಹೊಲಕ್ಕೆ ಹಂದಿ ನುಗ್ಗದಂತೆ ಅಟ್ಟಣೆಯ ಮೇಲೆ ರಾತ್ರಿ ಕಾಯುವವನಿಗೆ ಸುಗ್ಗಿಯ ದಿನವೊಂದು ಕಣ್ಣೆದುರಿಗಿರುತ್ತದೆ. ತಂಗಿಯ ಕಾವಲಿಗೆ ಅಂಥ ದಿನ ಗೊತ್ತಾಗಿಲ್ಲ. ಮನಸ್ಸು ಮತ್ತು ದೇಹ ಈ ಕಾವಲನ್ನು ಹೇಗೆ ಹೊರುತ್ತವೆ ಎಂಬ ಬಗ್ಗೆ ವಿಜ್ಞಾನ ಈಗ ಒಂದಿಷ್ಟು ಖಚಿತವಾಗಿ ಹೇಳಬಲ್ಲದು.

ಹುಡುಗನಿಗಿರುವುದು ಟೈಪ್ 1 ಮಧುಮೇಹ. ಅಜ್ಜ ಅಜ್ಜಿಯರಿಗೆ ಬರುವ ಸಕ್ಕರೆ ಕಾಯಿಲೆಯೇ ಬೇರೆ, ಇದೇ ಬೇರೆ. ನಮ್ಮ ಮೇದೋಜೀರಕ ಗ್ರಂಥಿಯ ಒಳಗೆ ದ್ವೀಪಗಳಂತೆ ಚದುರಿದ ಜೀವಕೋಶಗಳ ಗುಂಪುಗಳಿವೆ. ಅವನ್ನು ಮೊದಲು ಗುರುತಿಸಿದವನು ಜರ್ಮನಿಯ ಪಾಲ್ ಲ್ಯಾಂಗರ್‌ಹಾನ್ಸ್, 1869ರಲ್ಲಿ. ಆ ದ್ವೀಪಗಳಲ್ಲಿರುವ ಬೀಟಾ ಕೋಶಗಳು ಇನ್ಸುಲಿನ್ ತಯಾರಿಸುತ್ತವೆ. ಟೈಪ್ 1ರಲ್ಲಿ ದೇಹದ ರಕ್ಷಣಾ ಪಡೆಯೇ ಅವನ್ನು ಶತ್ರುವೆಂದು ತಿಳಿದು ಕೊಲ್ಲುತ್ತದೆ. ಬಹುಪಾಲು ಕೋಶಗಳು ಸತ್ತ ಮೇಲಷ್ಟೇ ಲಕ್ಷಣ ಕಾಣುತ್ತದೆ: ತೀರದ ಬಾಯಾರಿಕೆ, ಮತ್ತೆ ಮತ್ತೆ ಮೂತ್ರ, ನಿಂತುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗುವುದು, ಸರಸರನೆ ಇಳಿಯುವ ತೂಕ. ಸಿಹಿ ತಿಂದದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ. ಈ ಒಂದು ಮಾತನ್ನು ಪ್ರತಿ ಮದುವೆ ಮನೆಯಲ್ಲೂ ಯಾರಾದರೂ ಗಟ್ಟಿಯಾಗಿ ಹೇಳಬೇಕು ಅನ್ನಿಸುತ್ತದೆ ನನಗೆ. ಯಾಕೆಂದರೆ ಅಲ್ಲೇ, ಊಟದ ಪಂಕ್ತಿಯಲ್ಲೇ, “ಚಿಕ್ಕದ್ರಲ್ಲಿ ತುಂಬಾ ಚಾಕೊಲೇಟ್ ಕೊಡಿಸಿಬಿಟ್ರೇನೋ” ಎಂಬ ಮಾತು ತಾಯಿಯ ಕಿವಿಗೆ ಬೀಳುವುದು.

ಆರೋಗ್ಯವಂತರಲ್ಲಿ ಆ ಬೀಟಾ ಕೋಶಗಳು ಎಂಥ ಕೆಲಸ ಮಾಡುತ್ತವೆ ನೋಡಿ. ಒಂದು ತುತ್ತು ಅನ್ನ ಒಳಗೆ ಹೋದರೂ ಅದಕ್ಕೆ ತಕ್ಕಷ್ಟು ಇನ್ಸುಲಿನ್ ಬಿಡುತ್ತವೆ, ಓಡಿದರೆ ಕಡಿಮೆ ಮಾಡುತ್ತವೆ, ಮಲಗಿದಾಗ ಸಣ್ಣಗೆ ತೊಟ್ಟಿಕ್ಕಿಸುತ್ತವೆ. ನಮಗೆ ಗೊತ್ತೇ ಆಗುವುದಿಲ್ಲ. ಈಗ ಆ ಕೆಲಸವೆಲ್ಲ ತಂಗಿಯ ತಲೆಗೆ ವರ್ಗವಾಗಿದೆ. ಒಂದು ರಾಗಿಮುದ್ದೆಗೆ ಎಷ್ಟು ಯೂನಿಟ್, ಎರಡು ಇಡ್ಲಿಗೆ ಎಷ್ಟು, ಅರ್ಧ ತಿಂದು ಸಾಕು ಅಂದರೆ ಏನು ಮಾಡುವುದು, ಸಂಜೆ ಕ್ರಿಕೆಟ್ ಆಡಿದ್ದಾನೆ, ರಾತ್ರಿಯ ಡೋಸು ತಗ್ಗಿಸಬೇಕೇ. ಜ್ವರ ಬಂದರೆ ಲೆಕ್ಕ ತಲೆಕೆಳಗು. ಕರೆಂಟು ಹೋದರೆ ಫ್ರಿಜ್ಜಿನಲ್ಲಿರುವ ಇನ್ಸುಲಿನ್ ಚಿಂತೆ. ಫ್ರಿಜ್ ಇಲ್ಲದ ಮನೆಗಳಲ್ಲಿ ಅದನ್ನು ಒದ್ದೆ ಮಣ್ಣಿನ ಮಡಕೆಯಲ್ಲಿ ತಂಪಾಗಿಟ್ಟು ಕಾಪಾಡುತ್ತಾರೆ. ಪದವಿ ಓದಿದವಳೋ ಓದದವಳೋ, ಅಂಥ ಪ್ರತಿಯೊಬ್ಬ ತಾಯಿಯೂ ಒಂದು ಅಂಗದ ಕೆಲಸವನ್ನು ಮನಗಣಿತದಲ್ಲಿ ಮಾಡುತ್ತಿದ್ದಾಳೆ.

ನೂರು ವರ್ಷಕ್ಕೂ ಹಿಂದೆ ಈ ಕಾವಲಿಗೆ ಆಸ್ಪದವೇ ಇರಲಿಲ್ಲ. ಮಕ್ಕಳು ತಿಂಗಳುಗಳಲ್ಲೋ ಒಂದೆರಡು ವರ್ಷದಲ್ಲೋ ತೀರಿಹೋಗುತ್ತಿದ್ದರು. ಹೆಚ್ಚೆಂದರೆ ಉಪವಾಸದ ಪಥ್ಯ ಮಾಡಿಸಿ, ಎಲುಬಿನ ಗೂಡಾಗಿಸಿ, ಸಾವನ್ನು ಸ್ವಲ್ಪ ಮುಂದೆ ತಳ್ಳುತ್ತಿದ್ದರು. ಟೊರಾಂಟೊದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ 1921ರಲ್ಲಿ ಇನ್ಸುಲಿನ್ ತೆಗೆದರು. 1922ರ ಜನವರಿ 11ರಂದು ಹದಿನಾಲ್ಕು ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಮೊದಲ ಚುಚ್ಚುಮದ್ದು ಬಿತ್ತು. ಮದ್ದು ಶುದ್ಧವಾಗಿರಲಿಲ್ಲ. ಜೇಮ್ಸ್ ಕಾಲಿಪ್ ಅದನ್ನು ಶುದ್ಧ ಮಾಡಿದ ಮೇಲೆ, ಜನವರಿ 23ರಿಂದ ಕೊಟ್ಟ ಮದ್ದು ಕೆಲಸ ಮಾಡಿತು. ಹುಡುಗ ಇನ್ನೂ ಹದಿಮೂರು ವರ್ಷ ಬದುಕಿದ. ಇದಕ್ಕಿಂತ ದೊಡ್ಡ ವರ ವೈದ್ಯಶಾಸ್ತ್ರದಲ್ಲಿ ಹೆಚ್ಚಿಲ್ಲ. ಆದರೆ ಅಂದಿನಿಂದ ಆ ಕಾಯಿಲೆಯ ವಿಳಾಸ ಆಸ್ಪತ್ರೆಯಿಂದ ಮನೆಗೆ ಬದಲಾಯಿತು.

ಮುಂದೆ ಬಂದ ಪ್ರತಿಯೊಂದು ಒಳ್ಳೆಯ ಸುದ್ದಿಯೂ ಮನೆಯವರ ಹೆಗಲಿಗೆ ಒಂದಿಷ್ಟು ಭಾರ ಸೇರಿಸಿತು. ಅಮೆರಿಕ ಮತ್ತು ಕೆನಡಾದಲ್ಲಿ 1983ರಿಂದ 1993ರವರೆಗೆ 1,441 ಜನ ಟೈಪ್ 1 ರೋಗಿಗಳ ಮೇಲೆ ನಡೆದ ಅಧ್ಯಯನ ಇಡೀ ಚಿಕಿತ್ಸೆಯ ದಿಕ್ಕನ್ನು ಬದಲಿಸಿತು. ದಿನಕ್ಕೆ ಮೂರು, ನಾಲ್ಕು ಸಲ ಇನ್ಸುಲಿನ್ ಕೊಟ್ಟು, ಪದೇಪದೇ ಅಳೆದು, ಸಕ್ಕರೆಯನ್ನು ಬಿಗಿಯಾಗಿ ಹಿಡಿದರೆ ಮುಂದೆ ಕಣ್ಣು, ಮೂತ್ರಪಿಂಡ, ನರಗಳು ಉಳಿಯುತ್ತವೆ ಎಂದು ಅದು ತೋರಿಸಿತು. ಮೊದಲು ಕಣ್ಣಿನ ತೊಂದರೆ ಇಲ್ಲದಿದ್ದವರಲ್ಲಿ ಅಕ್ಷಿಪಟಲ ಕೆಡುವ ಅಪಾಯ ಶೇ 76ರಷ್ಟು ತಗ್ಗಿತ್ತು. ಜೊತೆಗೆ ಇನ್ನೊಂದು ಅಂಕಿಯೂ ಇತ್ತು: ಬಿಗಿ ಹಿಡಿತದ ಗುಂಪಿನಲ್ಲಿ ಸಕ್ಕರೆ ತೀವ್ರವಾಗಿ ಕುಸಿಯುವ ಪ್ರಸಂಗಗಳು ಸುಮಾರು ಮೂರು ಪಟ್ಟು. ಹೆಚ್ಚಾದರೆ ಹತ್ತು ವರ್ಷದ ಮೇಲೆ ಕಣ್ಣಿಗೆ ಅಪಾಯ, ಕಡಿಮೆಯಾದರೆ ಈ ರಾತ್ರಿಯೇ ಫಿಟ್ಸ್. ಈ ಎರಡರ ನಡುವಿನ ಹಗ್ಗದ ಮೇಲೆ ದಿನವೂ ನಡೆಯುವುದು ಮನೆಯವರ ಪಾಲಿಗೆ ಬಂತು.

ರಾತ್ರಿಯ ಈ ಭಯ ಅತಿಯಾದ ಕಲ್ಪನೆಯೇನಲ್ಲ. ಎಚ್ಚರದಲ್ಲಿರುವಾಗ ಸಕ್ಕರೆ ಕುಸಿದರೆ ಅಡ್ರಿನಲಿನ್ ನುಗ್ಗುತ್ತದೆ, ಕೈ ನಡುಗುತ್ತದೆ, ಬೆವರುತ್ತದೆ, ಮಗು ‘ಅಮ್ಮಾ, ಒಂಥರಾ ಆಗ್ತಿದೆ’ ಅನ್ನುತ್ತದೆ. ಟೈಪ್ 1 ಇರುವ ಹದಿಹರೆಯದವರನ್ನು ನಿದ್ದೆಯಲ್ಲಿ ಪರೀಕ್ಷಿಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಅಡ್ರಿನಲಿನ್ ಎಚ್ಚರಿಕೆ ನಿದ್ದೆಯಲ್ಲಿ ಬಹಳ ಮಂಕಾಗುವುದು ಕಂಡುಬಂತು. ಅಂದರೆ ಮಗುವಿನ ಒಳಗಿನ ಗಂಟೆ ಸರಿಯಾಗಿ ಮೊಳಗುವುದಿಲ್ಲ. ಸಂಜೆ ಓಡಿಯಾಡಿದ ಆಟದ ಪರಿಣಾಮ ಸಕ್ಕರೆಯ ಮೇಲೆ ಕಾಣುವುದೂ ಎಷ್ಟೋ ಸಲ ಅಂಥ ನಡುರಾತ್ರಿಯಲ್ಲೇ. ಹಾಗಾಗಿ ಹೊರಗಿನಿಂದ ಒಬ್ಬರು ಗಂಟೆಯಾಗಬೇಕು.

ಹಾಗೆ ಗಂಟೆಯಾದವರ ದೇಹದಲ್ಲಿ ಏನಾಗುತ್ತದೆ? ಹಡಗಿನ ಇಂಜಿನಿಯರುಗಳ ತಲೆಗೆ ತಂತಿ ಜೋಡಿಸಿ ಸ್ವೀಡನ್ನಿನ ಸಂಶೋಧಕರು ನಡೆಸಿದ ಒಂದು ಹಳೆಯ ಅಧ್ಯಯನವಿದೆ, 1988ರದ್ದು. ಅಲಾರಂ ಹೊಡೆದರೆ ಎದ್ದು ಇಂಜಿನ್ ಕೋಣೆಗೆ ಓಡಬೇಕಾದ ರಾತ್ರಿಗಳಲ್ಲಿ ಅವರ ಆಳವಾದ ನಿದ್ದೆ ಕಡಿಮೆಯಾಗುತ್ತಿತ್ತು, ಎದೆಬಡಿತ ಹೆಚ್ಚಿರುತ್ತಿತ್ತು. ಅಲಾರಂ ಹೊಡೆಯುವ ಮೊದಲೇ ನಿದ್ದೆ ಹಾಗೆ ಕೆಟ್ಟಿತ್ತು! ಜರ್ಮನಿಯ ಯಾನ್ ಬಾರ್ನ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಬೆರಗಿನದು. ಮಲಗುವವರಿಗೆ ಕೆಲವು ರಾತ್ರಿ ‘ಆರಕ್ಕೆ ಎಬ್ಬಿಸುತ್ತೇವೆ’ ಎಂದು, ಕೆಲವು ರಾತ್ರಿ ‘ಒಂಬತ್ತಕ್ಕೆ’ ಎಂದು ಹೇಳಿದರು. ಆರಕ್ಕೆ ಎಂದು ಹೇಳಿದ ರಾತ್ರಿ, ಸುಮಾರು ಐದು ಗಂಟೆಯಿಂದಲೇ ಅವರ ರಕ್ತದಲ್ಲಿ ಎಸಿಟಿಎಚ್ ಎಂಬ ಹಾರ್ಮೋನು ಏರತೊಡಗಿತು. ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಸ್ರವಿಸು ಎಂದು ಅಡ್ರಿನಲ್ ಗ್ರಂಥಿಗೆ ಅಪ್ಪಣೆ ಕೊಡುವ ಹಾರ್ಮೋನು ಅದು. ಮನುಷ್ಯ ಗಾಢ ನಿದ್ದೆಯಲ್ಲಿದ್ದಾನೆ, ಅವನ ಮೆದುಳು ಮಾತ್ರ ಗಡಿಯಾರ ನೋಡುತ್ತಾ ಕೂತಿದೆ. ಕಿವಿ ಮಲಗುವುದಿಲ್ಲ ಎಂದ ತಂಗಿಯ ಮಾತು ಕವಿತೆಯ ಮಾತಲ್ಲ, ಶರೀರಶಾಸ್ತ್ರವೇ.

ತೋಳಿಗೆ ಅಂಟಿಸುವ ಸೆನ್ಸರುಗಳು ಈಗ ಬಂದಿವೆ. ಕೆಲವು ನಿಮಿಷಕ್ಕೊಮ್ಮೆ ಅಳೆದು ಮೊಬೈಲಿಗೆ ಅಂಕಿ ಕಳಿಸುತ್ತವೆ, ಕುಸಿದರೆ ಕೂಗುತ್ತವೆ. ಅನೇಕ ಮನೆಗಳಿಗೆ ಅದು ನಿಜವಾದ ನೆಮ್ಮದಿ, ಬೆರಳ ಚುಚ್ಚೂ ಬಹುಪಾಲು ತಪ್ಪಿತು. ಆದರೆ ಒಂದೆರಡು ವಾರಕ್ಕೊಮ್ಮೆ ಬದಲಿಸಬೇಕು, ಪ್ರತಿ ಸಲ ಸಾವಿರಾರು ರೂಪಾಯಿ. ಜೊತೆಗೆ, ಮೊದಲು ನಾಲ್ಕೈದು ಸಲ ಕಾಣುತ್ತಿದ್ದ ಅಂಕಿ ಈಗ ಇಡೀ ದಿನ ಕಣ್ಣಮುಂದೆ ಇರುತ್ತದೆ. ಕೆಲವರಿಗೆ ಅದು ಇನ್ನೊಂದು ಬಗೆಯ ಕಾವಲಾಗುತ್ತದೆ.

ತಿಂಗಳುಗಟ್ಟಲೆ, ವರ್ಷಗಟ್ಟಲೆ ಹೀಗೇ ನಡೆದರೆ? ಮರೆವಿನ ಕಾಯಿಲೆಯ ಹಿರಿಯರನ್ನು ಮನೆಯಲ್ಲಿ ನೋಡಿಕೊಳ್ಳುತ್ತಿದ್ದ ಹದಿಮೂರು ಮಹಿಳೆಯರನ್ನೂ ಅದೇ ವಯಸ್ಸಿನ ಬೇರೆ ಹದಿಮೂರು ಮಹಿಳೆಯರನ್ನೂ ಅಮೆರಿಕದ ಜಾನಿಸ್ ಕೀಕೋಲ್ಟ್–ಗ್ಲೇಸರ್ ತಂಡ ಹೋಲಿಸಿತು. ಎಲ್ಲರ ತೋಳಿನಲ್ಲೂ ಒಂದೇ ಅಳತೆಯ ಸಣ್ಣ ಗಾಯ ಮಾಡಿ, ಮಾಯುವುದನ್ನು ಕಾದರು. 1995ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ ಆರೈಕೆಯ ಹೊರೆ ಇದ್ದವರ ಗಾಯ ಮಾಯಲು ಸರಾಸರಿ ಒಂಬತ್ತು ದಿನ ಹೆಚ್ಚು ಬೇಕಾಯಿತು.

ಕಾಯಿಲೆಯ ಮಕ್ಕಳ ತಾಯಂದಿರನ್ನೇ ಕುರಿತ ಅಧ್ಯಯನ 2004ರಲ್ಲಿ ಕ್ಯಾಲಿಫೋರ್ನಿಯಾದಿಂದ ಬಂತು. ಮನಃಶಾಸ್ತ್ರಜ್ಞೆ ಎಲಿಸ್ಸಾ ಎಪೆಲ್ ಮತ್ತು ಮುಂದೆ 2009ರಲ್ಲಿ ನೊಬೆಲ್ ಪಡೆದ ಎಲಿಜಬೆತ್ ಬ್ಲ್ಯಾಕ್‌ಬರ್ನ್ ಸೇರಿ ನಡೆಸಿದ್ದು. 58 ತಾಯಂದಿರು, ಅವರಲ್ಲಿ 39 ಜನರ ಮಗುವಿಗೆ ದೀರ್ಘಕಾಲದ ಕಾಯಿಲೆ, 19 ಜನರ ಮಗು ಆರೋಗ್ಯವಾಗಿತ್ತು. ಅವರು ಅಳೆದದ್ದು ಟೆಲೊಮಿಯರುಗಳನ್ನು, ಅಂದರೆ ವರ್ಣತಂತುಗಳ ತುದಿಗೆ ಹಾಕಿದ ಗಂಟಿನಂಥ ಭಾಗವನ್ನು. ಸೀರೆಯ ಸೆರಗಿಗೆ ಕುಚ್ಚು ಕಟ್ಟದಿದ್ದರೆ ಎಳೆ ಬಿಚ್ಚಿಕೊಳ್ಳುತ್ತದಲ್ಲ, ಆ ಕುಚ್ಚಿನ ಕೆಲಸ ಅವುಗಳದ್ದು. ಕೋಶ ಒಡೆದು ಎರಡಾಗುವಾಗೆಲ್ಲ ಸ್ವಲ್ಪ ಸವೆಯುತ್ತವೆ. ತಮ್ಮ ಬದುಕು ಕೈಮೀರಿದೆ ಎಂದು ಅತಿ ಹೆಚ್ಚು ಒತ್ತಡ ಹೇಳಿಕೊಂಡ ತಾಯಂದಿರ ಟೆಲೊಮಿಯರುಗಳು, ಕಡಿಮೆ ಒತ್ತಡದವರಿಗಿಂತ ಹತ್ತು ವರ್ಷವಾದರೂ ಹೆಚ್ಚು ಮುಪ್ಪಾದಷ್ಟು ಗಿಡ್ಡವಾಗಿದ್ದವು. ಆರೈಕೆ ಮಾಡಿದ ವರ್ಷಗಳು ಹೆಚ್ಚಿದಷ್ಟೂ ಸವೆತ ಹೆಚ್ಚು.

ಇದನ್ನು ಓದಿ ಯಾವ ತಾಯಿಯೂ ಹೆದರಬಾರದು, ಅದಕ್ಕೇ ಉಳಿದ ಅರ್ಧವನ್ನೂ ಹೇಳುತ್ತೇನೆ. ಅಧ್ಯಯನ ಸಣ್ಣದು. ಆಮೇಲೆ ಸಾವಿರಾರು ಜನರ ಮಾಹಿತಿ ಒಟ್ಟುಗೂಡಿಸಿ ನೋಡಿದಾಗ ಒತ್ತಡಕ್ಕೂ ಟೆಲೊಮಿಯರಿಗೂ ಇರುವ ನಂಟು ಮೊದಲು ಕಂಡಷ್ಟು ಬಲವಾಗಿರಲಿಲ್ಲ. ನನಗೆ ಮುಖ್ಯವಾಗಿ ಕಂಡದ್ದು ಅದೇ 2004ರ ವರದಿಯ ಒಳಗಿನ ಒಂದು ಸಂಗತಿ. ಕಾಯಿಲೆಯ ಮಗುವಿನ ತಾಯಂದಿರನ್ನು ಒಂದು ಗುಂಪಾಗಿ ಇಟ್ಟು ನೋಡಿದರೆ ಅವರ ಟೆಲೊಮಿಯರುಗಳು ಉಳಿದವರಿಗಿಂತ ಗಿಡ್ಡವಾಗಿರಲಿಲ್ಲ. ಅಷ್ಟೇ ಕಷ್ಟದ ಆರೈಕೆಯಲ್ಲಿದ್ದೂ ಕುಗ್ಗದವರು ಆ ಗುಂಪಿನಲ್ಲಿದ್ದರು. ಮಗುವಿಗೆ ಕಾಯಿಲೆ ಇದೆ ಎಂಬುದೊಂದೇ ತಾಯಿಯ ಹಣೆಬರಹ ಬರೆಯುವುದಿಲ್ಲ. ಆ ಹೊರೆ ಎಷ್ಟು ಒಂಟಿಯಾಗಿ ಅವಳ ತಲೆಯ ಮೇಲಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ ಎಂದು ನನ್ನ ನಂಬಿಕೆ, ಏಕೆಂದರೆ ತಂಗಿಯ ಮನೆಯಲ್ಲಿ ನಾನು ಕಂಡದ್ದು ಅದನ್ನೇ.

ತಂಗಿಯ ಗಂಡ ಒಳ್ಳೆಯವರು. ಮೀಟರಿನ ಸ್ಟ್ರಿಪ್ಪು, ಸೂಜಿ, ಇನ್ಸುಲಿನ್ನಿಗೆ ತಿಂಗಳ ಸಂಬಳದಲ್ಲಿ ಎತ್ತಿಡುವುದು ಅವರೇ, ಓವರ್‌ಟೈಮ್ ಮಾಡುವುದು ಅದಕ್ಕೇ. ಆದರೆ ಚುಚ್ಚಲು ಅವರಿಗೆ ಕೈ ನಡುಗುತ್ತದೆ. ಮೊದಲ ವಾರ ಒಂದು ಸಲ ನಡುಗಿತು, ‘ಬಿಡಿ, ನಾನೇ ಮಾಡ್ತೀನಿ’ ಎಂದು ತಂಗಿ ಇನ್ಸುಲಿನ್ ಪೆನ್ ಕಿತ್ತುಕೊಂಡಳು. ಆ ದಿನದಿಂದ ಅವಳೊಬ್ಬಳೇ. ಅತ್ತೆ ಪ್ರೀತಿಯವರೇ, ಆದರೆ ಯಾರೋ ಹೇಳಿದ ಬೇರಿನ ಔಷಧಿ ಕೊಡಿಸಿ ಇನ್ಸುಲಿನ್ ನಿಲ್ಲಿಸೋಣ ಅನ್ನುತ್ತಾರೆ. ಟೈಪ್ 1ರಲ್ಲಿ ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ರಕ್ತ ಆಮ್ಲವಾಗಿ ಜೀವಕ್ಕೆ ಅಪಾಯ. ಇದನ್ನು ಪ್ರತಿ ಬಾರಿಯೂ ಜಗಳವಾಗದಂತೆ ವಿವರಿಸುವುದೂ ತಂಗಿಯ ದಿನಚರಿಯಲ್ಲೇ ಸೇರಿದೆ. ಶಾಲೆಯಲ್ಲಿ ಟೀಚರಿಗೆ ಹೇಳುವುದು, ಬಸ್ಸಿನ ಡ್ರೈವರಿಗೆ ಹೇಳುವುದು, ಬ್ಯಾಗಿನಲ್ಲಿ ಗ್ಲೂಕೋಸ್ ಇದೆಯಾ ನೋಡುವುದು. ನೆಂಟರಿಗೆ ಮಾತ್ರ ಹೇಳುವ ಹಾಗಿಲ್ಲ. ಹೆಣ್ಣುಮಗುವಾಗಿದ್ದರಂತೂ ಮುಂದಿನ ಮದುವೆಯ ಹೆದರಿಕೆಯಿಂದ ಎಷ್ಟೋ ಮನೆಗಳು ಡಬ್ಬಿಯನ್ನೇ ಬಚ್ಚಿಡುತ್ತವೆ.

ಟೈಪ್ 1 ಮಕ್ಕಳ ತಾಯ್ತಂದೆಯರ ಮೇಲೆ ನಡೆದ ಅಧ್ಯಯನಗಳನ್ನು ಅಮೆರಿಕದ ರಾಬಿನ್ ವಿಟ್ಟೆಮೋರ್ ಮತ್ತಿತರರು 2012ರಲ್ಲಿ ಒಟ್ಟಿಗೆ ತೂಗಿ ನೋಡಿದರು. ಕಾಯಿಲೆ ಗೊತ್ತಾದ ಹೊತ್ತಿನಲ್ಲಿ ಸರಾಸರಿ ಮೂವರಲ್ಲಿ ಒಬ್ಬರು ಮಾನಸಿಕ ಸಂಕಟದಲ್ಲಿದ್ದರು. ಒಂದರಿಂದ ನಾಲ್ಕು ವರ್ಷ ಕಳೆದ ಮೇಲೂ ಹತ್ತಿರ ಹತ್ತಿರ ಐವರಲ್ಲಿ ಒಬ್ಬರು ಹಾಗೇ ಇದ್ದರು. ‘ಒಂದು ವರ್ಷ ಆಯ್ತಲ್ಲ, ಒಗ್ಗಿಕೊಂಡಿರಬೇಕು’ ಎಂಬ ಮಾತು ಎಲ್ಲರಿಗೂ ಒಪ್ಪುವುದಿಲ್ಲ. ಬುದ್ಧಿಮಾಂದ್ಯ ಮಕ್ಕಳ ತಂದೆತಾಯಿಯರ ಜೊತೆ ಕೆಲಸ ಮಾಡುತ್ತಿದ್ದ ಸೈಮನ್ ಒಲ್‌ಶಾನ್‌ಸ್ಕಿ 1962ರಲ್ಲೇ ಇದನ್ನು ಬರೆದಿದ್ದ: ಇಂಥ ದುಃಖ ಮುಗಿಯುವುದಿಲ್ಲ, ತಣ್ಣಗಾಗುತ್ತದೆ, ಮತ್ತೆ ಮರಳುತ್ತದೆ, ಅದು ರೋಗವಲ್ಲ, ಸಹಜ. ಶಾಲೆಯ ಪ್ರವಾಸಕ್ಕೆ ಹೆಸರು ಕೊಡುವ ದಿನ ಅದು ಮರಳುತ್ತದೆ. ಸಂಕ್ರಾಂತಿಗೆ ಎಳ್ಳು ಬೀರಲು ಬಂದ ಹುಡುಗಿ ಸಕ್ಕರೆ ಅಚ್ಚು ಕೈಗಿಟ್ಟಾಗ ಮರಳುತ್ತದೆ.

ಇಷ್ಟರ ನಡುವೆ ಪ್ರೀತಿಯೇ ದಾರಿ ತಪ್ಪುವುದೂ ಉಂಟು. ಬಾರ್ಬರಾ ಆಂಡರ್ಸನ್ ಮತ್ತು ಜೇಮ್ಸ್ ಕಾಯ್ನ್ ಎಂಬ ಮನಃಶಾಸ್ತ್ರಜ್ಞರು ಇದನ್ನು ಗುರುತಿಸಿದರು: ಸಹಾಯ ಮಾಡಲು ಹೋದದ್ದು ಮಗುವಿನೊಂದಿಗೆ ಜಟಾಪಟಿಯಾಗಿ ಮುಗಿಯುತ್ತದೆ. ಅಂಕಿ ಹೆಚ್ಚಿದ್ದರೆ ‘ಏನು ತಿಂದೆ?’ ಎಂಬ ಪ್ರಶ್ನೆ. ಮಗು ಸುಳ್ಳು ಹೇಳಲು ಕಲಿಯುತ್ತದೆ. ತಂಗಿಯ ಮಗ ಶಾಲೆಯಿಂದ ಬಂದು ಚಪ್ಪಲಿ ಬಿಡುವ ಮುಂಚೆಯೇ ಅವಳು “ಎಷ್ಟಿತ್ತು?” ಎಂದು ಕೇಳುವುದನ್ನು ನಾನೇ ಕೇಳಿದ್ದೇನೆ. ಒಂದು ದಿನ ಅವನು, “ಅಮ್ಮಾ, ಇವತ್ತು ನಾನು ಓಟದಲ್ಲಿ ಸೆಕೆಂಡು, ಅದನ್ನ ಕೇಳು” ಅಂದ. ತಂಗಿ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತಳು.

ಯಾವುದು ಹಗುರ ಮಾಡುತ್ತದೆ? ಮಕ್ಕಳ ಮಧುಮೇಹದ ಅಂತರರಾಷ್ಟ್ರೀಯ ವೈದ್ಯರ ಸಂಘ ಮಗುವಿನ ಜೊತೆ ಪೋಷಕರ ಮನಸ್ಸನ್ನೂ ವಿಚಾರಿಸಬೇಕೆಂದು ಹೇಳುತ್ತದೆ. ಓಪಿಡಿಯ ನೂಕುನುಗ್ಗಲಿನಲ್ಲಿ ಅದಕ್ಕೆ ಸಮಯ ಸಿಗುವುದು ಅಪರೂಪ. ಆದರೂ ‘ನೀವು ಹೇಗೆ ನಿದ್ದೆ ಮಾಡ್ತೀರಿ?’ ಎಂದು ಕೇಳಲು ಒಂದೇ ನಿಮಿಷ ಸಾಕು. ತೀರಾ ಕುಸಿದ ರಾತ್ರಿಗೆ 14416 ಎಂಬ ಟೆಲಿ–ಮಾನಸ್ ಸಹಾಯವಾಣಿಯ ಸಂಖ್ಯೆಯಿದೆ. 2022ರ ಅಕ್ಟೋಬರಿನಲ್ಲಿ ಶುರುವಾಯಿತು, ಬೆಂಗಳೂರಿನ ನಿಮ್ಹಾನ್ಸ್ ಅದಕ್ಕೆ ಮೇಲಿನ ಕೇಂದ್ರ, ಕನ್ನಡದಲ್ಲೇ ಮಾತಾಡಬಹುದು. ಇದೇ ಕಾಯಿಲೆಯ ಮಗುವಿರುವ ಇನ್ನೊಬ್ಬ ತಾಯಿಯ ಫೋನು ಸಂಖ್ಯೆ ಇನ್ನೂ ದೊಡ್ಡ ಮದ್ದು. ಅವಳಿಗೆ ಏನನ್ನೂ ಮೊದಲಿಂದ ವಿವರಿಸಬೇಕಾಗಿಲ್ಲ. ಎಲ್ಲಕ್ಕಿಂತ ಹೆಚ್ಚಿನದು ಎರಡನೆಯ ಜೋಡಿ ಕೈ, ಚುಚ್ಚಲು ಕಲಿತ, ಅಂಕಿ ಓದಲು ಕಲಿತ ಕೈ. ‘ಏನಾದ್ರೂ ಬೇಕಿದ್ರೆ ಹೇಳು’ ಎಂಬ ಮಾತಿಗೆ ತಂಗಿ ಇದುವರೆಗೆ ಏನನ್ನೂ ಹೇಳಿಲ್ಲ, ಹೇಳುವುದೂ ಇಲ್ಲ.

ಹಾಗಾಗಿ ನಾನು ಕೇಳದೆ ಕಲಿತೆ. ಎರಡು ದಿನ ನನ್ನ ಬೆರಳಿಗೇ ಚುಚ್ಚಿಕೊಂಡು ಅಭ್ಯಾಸ ಮಾಡಿದೆ. ಯಾವ ಅಂಕಿಗೆ ಏನು ಮಾಡಬೇಕೆಂದು ತಂಗಿಯಿಂದ ನೋಟುಬುಕ್ಕಿನ ಹಿಂದಿನ ಪುಟದಲ್ಲಿ ಬರೆಸಿಕೊಂಡೆ. ಅವಳ ಗಂಡನನ್ನೂ ಪಕ್ಕದಲ್ಲಿ ಕೂರಿಸಿಕೊಂಡೆ. ಅವರ ಕೈ ಇನ್ನೂ ನಡುಗಿತು, ಆದರೆ ಚುಚ್ಚಿದರು. ಮೂರನೆಯ ರಾತ್ರಿ ಕಾವಲು ನನ್ನದು. ಎರಡು ಗಂಟೆಗೆ ಐದು ನಿಮಿಷ ಇರುವಾಗ ಡಬ್ಬಿ ಹಿಡಿದು ಕೋಣೆಗೆ ಹೋದರೆ, ಬಾಗಿಲ ಹತ್ತಿರ ತಂಗಿ ನಿಂತಿದ್ದಳು. ಅಲಾರಂ ಇಟ್ಟಿರಲಿಲ್ಲವಂತೆ. “ಎಚ್ಚರ ಆಯ್ತು,” ಅಂದಳು. ನಾಲ್ಕನೆಯ ರಾತ್ರಿಯೂ ಬಂದಳು, ಅಂಕಿ ನೋಡಿ ಹೋದಳು.

ಐದನೆಯ ರಾತ್ರಿ ಹುಡುಗನ ಮೊಣಕೈ ಮುಟ್ಟಿದೆ. ಕೈ ಬಂತು. 118. ನೋಟುಬುಕ್ಕಿನಲ್ಲಿ ತಂಗಿಯ ಉರುಟು ಅಕ್ಷರಗಳ ಕೆಳಗೆ ನನ್ನ ಓರೆ ಅಕ್ಷರದಲ್ಲಿ ಬರೆದೆ. ಬಾಗಿಲ ಕಡೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಆಚೆ ಕೋಣೆಯಿಂದ ಅವಳ ಸಣ್ಣ ಗೊರಕೆ ಕೇಳುತ್ತಿತ್ತು.